ಚೌಕದೊಳಗೆ ಕಳೆದುಹೋದ ಹಳ್ಳ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಯ ಒಂದು ಚದರ ಕಿಲೋಮೀಟರ್ ನೆಲದ ಮೇಲೆ ಬಿದ್ದ ಮಳೆಯನ್ನೆಲ್ಲ ಕೂಡಿಟ್ಟರೆ 70 ಲಕ್ಷ ಘನ ಮೀಟರ್ ಆಗುತ್ತದೆ; ನಮಗೆ ರೂಢಿಯಾದ ಲೆಕ್ಕದಲ್ಲಿ ಹೇಳುವುದಾದರೆ ಕಾಲು ಟಿಎಂಸಿ. ಘಾಟಿಯ ಅಂಚಿನಿಂದ ಪೂರ್ವಕ್ಕೆ ಇಳಿದ ನೀರು ಮಾಲತಿಯ ಮೂಲಕ ತುಂಗೆಯನ್ನು ಸೇರುತ್ತದೆ, ಅಲ್ಲಿಂದ ತುಂಗಭದ್ರೆ, ಕೃಷ್ಣೆ, ಬಂಗಾಳ ಕೊಲ್ಲಿ. ಪಶ್ಚಿಮಕ್ಕೆ ಇಳಿದದ್ದು ಸೀತಾನದಿಯಾಗಿ ಅರಬ್ಬಿ ಸಮುದ್ರಕ್ಕೆ. ಇತ್ತ ಹರಿಯಬೇಕೋ ಅತ್ತ ಹರಿಯಬೇಕೋ ಎಂದು ತೀರ್ಮಾನಿಸುವ ಆ ನೆತ್ತಿಯ ಗೆರೆಯನ್ನು ಈಗ ಯಾರೂ ಕಾಡಿನಲ್ಲಿ ನಡೆದು ಗುರುತಿಸುವುದಿಲ್ಲ, ಕಂಪ್ಯೂಟರ್ ಗುರುತಿಸುತ್ತದೆ. ಹತ್ತು ಕಿಲೋಮೀಟರ್ ಉದ್ದಕ್ಕೆ ಅದು ಆ ಗೆರೆಯನ್ನು ಒಂದು ಕಿಲೋಮೀಟರ್ ಪಕ್ಕಕ್ಕೆ ಎಳೆದರೆ ಎರಡೂವರೆ ಟಿಎಂಸಿ ಮಳೆ ತಪ್ಪು ಸಮುದ್ರದ ಖಾತೆಗೆ ಹೋಗುತ್ತದೆ.

ಬಿದ್ದ ಮಳೆಯೆಲ್ಲ ಹೊಳೆಯ ನೀರಾಗುವುದಿಲ್ಲ. ಒಂದಷ್ಟು ಇಂಗುತ್ತದೆ, ಒಂದಷ್ಟು ಆವಿಯಾಗುತ್ತದೆ. ಅದನ್ನು ಕಳೆದರೂ ಇದು ಕಡೆಗಣಿಸುವಂಥ ಮೊತ್ತವಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕಾವೇರಿ ತೀರ್ಪು ಕೊಟ್ಟಾಗ ಬೆಂಗಳೂರಿನ ಕುಡಿಯುವ ನೀರಿಗೆಂದು ಹೆಚ್ಚುವರಿಯಾಗಿ ಸಿಕ್ಕಿದ್ದು 4.75 ಟಿಎಂಸಿ. ಅದಕ್ಕೆ ಮುಂಚೆ ನ್ಯಾಯಮಂಡಳಿ ನಗರಕ್ಕೆ ಕಡಿಮೆ ನೀರು ಲೆಕ್ಕ ಹಾಕಿದ್ದಕ್ಕೆ ಕೊಟ್ಟ ಕಾರಣಗಳಲ್ಲೊಂದು, ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದೊಳಗಿದೆ ಎಂಬುದು. ವೃಷಭಾವತಿಯ ಕಡೆಗೆ ಇಳಿಯುವ ನೀರು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಗೆ. ಊರ ನಡುವಿನ ಒಂದು ದಿಣ್ಣೆ ಲಕ್ಷಾಂತರ ಮನೆಗಳ ನಲ್ಲಿಯ ನೀರಿನ ವ್ಯಾಜ್ಯದಲ್ಲಿ ಸಾಕ್ಷಿಯಾಗಿ ನಿಂತಿತ್ತು. ಸುಪ್ರೀಂ ಕೋರ್ಟು ಕೊನೆಗೆ ಆ ಗೆರೆಯನ್ನು ಬದಿಗಿಟ್ಟು ಇಡೀ ನಗರದ ಅಗತ್ಯವನ್ನು ಪರಿಗಣಿಸಿತು. ಆದರೆ ನೆಲದ ಏರುತಗ್ಗಿನ ಒಂದು ಗೆರೆಗೆ ಎಷ್ಟು ತೂಕವಿದೆ ಎಂಬುದು ಅಲ್ಲಿ ಎಲ್ಲರಿಗೂ ಕಂಡಿತು.

ಇಂಥ ಗೆರೆಗಳನ್ನು ಹಿಂದೆ ಸರ್ವೆ ಆಫ್ ಇಂಡಿಯಾದ ಟೋಪೋಶೀಟುಗಳ ಮೇಲೆ ಪೆನ್ಸಿಲ್ ಹಿಡಿದು ಎಳೆಯುತ್ತಿದ್ದರು. 1:50,000 ಪ್ರಮಾಣದ ಆ ಹಾಳೆಗಳಲ್ಲಿ ಸಾಮಾನ್ಯವಾಗಿ 20 ಮೀಟರ್ ಎತ್ತರಕ್ಕೊಂದು ಕಾಂಟೂರ್ ಗೆರೆ. ಈಗ ಆ ಜಾಗಕ್ಕೆ ಡಿಜಿಟಲ್ ಎತ್ತರದ ನಕ್ಷೆ ಬಂದಿದೆ. ಎಂಜಿನಿಯರುಗಳ ಬಾಯಲ್ಲಿ ಅದು ‘ಡೆಮ್’. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ನೆಲವನ್ನು ಸಮನಾದ ಚೌಕಗಳಾಗಿ ಕತ್ತರಿಸಿ ಒಂದೊಂದು ಚೌಕಕ್ಕೂ ಒಂದೊಂದು ಅಂಕಿ ಬರೆದಿರುತ್ತಾರೆ, ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದು. ಒಂದು ಚೌಕಕ್ಕೆ ಒಂದೇ ಅಂಕಿ. ಆ ಚೌಕದೊಳಗೆ ಏನೇ ಇರಲಿ, ಬಂಡೆಯಿರಲಿ, ಹಳ್ಳವಿರಲಿ, ಮನೆಯಿರಲಿ, ಎಲ್ಲಕ್ಕೂ ಅದೇ ಅಂಕಿ. ಕಂಪ್ಯೂಟರ್ ಪ್ರತಿ ಚೌಕದ ಸುತ್ತಲಿನ ಎಂಟು ಚೌಕಗಳನ್ನು ನೋಡಿ, ಯಾವುದರ ಕಡೆಗೆ ಇಳಿಜಾರು ಹೆಚ್ಚೋ ಅತ್ತ ನೀರನ್ನು ಕಳಿಸುತ್ತದೆ. ಹೀಗೆ ಚೌಕದಿಂದ ಚೌಕಕ್ಕೆ ನೀರು ದಾಟುತ್ತ ಹಳ್ಳವಾಗುತ್ತದೆ, ಹೊಳೆಯಾಗುತ್ತದೆ, ಜಲಾನಯನದ ಎಲ್ಲೆ ಮೂಡುತ್ತದೆ. ಅದರ ಮೇಲೆ ಮಳೆ, ಮಣ್ಣು, ಬೆಳೆ, ಕಾಡುಗಳ ಮಾಹಿತಿ ಸೇರಿಸಿದರೆ ಪ್ರವಾಹ ಎಷ್ಟು, ಹೂಳು ಎಷ್ಟು, ಅಣೆಕಟ್ಟೆಗೆ ಒಳಹರಿವು ಎಷ್ಟು ಎಂದು ಹೇಳುವ ಮಾದರಿ ಸಿದ್ಧ.

ನಮ್ಮಲ್ಲಿ ಹೆಚ್ಚು ಬಳಕೆಯಾದ ನಕ್ಷೆ ಹುಟ್ಟಿದ್ದು 2000ದ ಫೆಬ್ರವರಿಯಲ್ಲಿ. ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿಯನ್ನು ಸುತ್ತಿತು. ಅದರ ಒಡಲಲ್ಲಿ ಒಂದು ರಡಾರ್, 60 ಮೀಟರ್ ಉದ್ದದ ತೋಳಿನ ತುದಿಯಲ್ಲಿ ಇನ್ನೊಂದು ಆಂಟೆನಾ. ಎರಡಕ್ಕೂ ಮರಳಿ ಬಂದ ಅಲೆಗಳ ವ್ಯತ್ಯಾಸದಿಂದ ಜಗತ್ತಿನ ನೆಲದ ಸುಮಾರು ಶೇ 80 ಭಾಗದ ಎತ್ತರ ಸಿಕ್ಕಿತು. ಎಸ್‌ಆರ್‌ಟಿಎಂ ಎಂದು ಕರೆಯುವ ಈ ಮಾಹಿತಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದ ಹೊರಗಿನ ನೆಲದ ಮಟ್ಟಿಗೆ 90 ಮೀಟರ್ ಚೌಕದಲ್ಲಿ ಮಾತ್ರ ಎಲ್ಲರಿಗೂ ಸಿಗುತ್ತಿತ್ತು. 30 ಮೀಟರಿನದು ಮುಕ್ತವಾಗತೊಡಗಿದ್ದು 2014ರ ನಂತರ. ಎಸ್‌ಆರ್‌ಟಿಎಂಗೂ ಮುಂಚಿನ ಪುಕ್ಕಟೆ ಜಾಗತಿಕ ನಕ್ಷೆಯ ಚೌಕ ಸುಮಾರು ಒಂದು ಕಿಲೋಮೀಟರಿನದು. ಆಗುಂಬೆಯ ಲೆಕ್ಕದಲ್ಲಿ ನಾನು ಹೇಳಿದ ಒಂದು ಕಿಲೋಮೀಟರ್ ತಪ್ಪು, ಆ ನಕ್ಷೆಯಲ್ಲಿ ಒಂದೇ ಒಂದು ಚೌಕದ ತಪ್ಪು. ಇಸ್ರೋ 2005ರ ಮೇ ತಿಂಗಳಲ್ಲಿ ಹಾರಿಸಿದ ಕಾರ್ಟೊಸ್ಯಾಟ್-1 ಉಪಗ್ರಹ ಒಂದು ಕ್ಯಾಮೆರಾವನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಓರೆಯಾಗಿಟ್ಟು ಒಂದೇ ಜಾಗವನ್ನು ಎರಡು ಕೋನಗಳಿಂದ ಚಿತ್ರಿಸಿತು. ಅದರಿಂದ ತಯಾರಾದ 30 ಮೀಟರಿನ ಕಾರ್ಟೊಡೆಮ್ ಭುವನ್ ಜಾಲತಾಣದಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ.

90 ಮೀಟರ್, 30 ಮೀಟರ್ ಎಂದರೆ ಎಷ್ಟು? ನಮ್ಮ ಪಹಣಿಯ ಭಾಷೆಯಲ್ಲಿ ಹೇಳಿದರೆ 90 ಮೀಟರ್ ಚೌಕ ಎರಡು ಎಕರೆ. 30 ಮೀಟರ್ ಚೌಕ ಸುಮಾರು ಒಂಬತ್ತು ಗುಂಟೆ. ತೀರ್ಥಹಳ್ಳಿ ಕಡೆಯ ಒಂದು ಇಕ್ಕಟ್ಟಾದ ಕಣಿವೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಡುವೆ ನಾಲ್ಕಾರು ಹೆಜ್ಜೆ ಅಗಲದ ಹಳ್ಳ. ಅದರ ಎರಡೂ ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ, ಒಂದು ಮಗ್ಗುಲಲ್ಲಿ ಅಡಿಕೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾನು. ಇಷ್ಟೂ ಎರಡು ಎಕರೆಯೊಳಗೆ ಮುಗಿದುಹೋಗುತ್ತದೆ. 90 ಮೀಟರಿನ ನಕ್ಷೆಯಲ್ಲಿ ಇದಕ್ಕೆ ಸಿಗುವುದು ಒಂದೇ ಅಂಕಿ. ನಾಟಿಗೆ ಮುಂಚೆ ಕೆಸರುಗದ್ದೆಗೆ ಹಲಗೆ ಹೊಡೆದು ಸಮ ಮಾಡಿದ ಹಾಗೆ ಹಳ್ಳದ ತಗ್ಗೂ ಬೆಟ್ಟದ ಏರೂ ಆ ಒಂದು ಅಂಕಿಯಲ್ಲಿ ನೆಲಸಮವಾಗುತ್ತವೆ.

30 ಮೀಟರಿಗೆ ಬಂದರೆ ಹಳ್ಳ ಕಾಣಬೇಕು ಎನ್ನಿಸುತ್ತದೆ. ಮಲೆನಾಡಿನಲ್ಲಿ ಅಷ್ಟು ಸುಲಭವಿಲ್ಲ. ಎಸ್‌ಆರ್‌ಟಿಎಂ ರಡಾರಿನ ಅಲೆಯ ಉದ್ದ ಐದೂವರೆ ಸೆಂಟಿಮೀಟರಿನ ಆಸುಪಾಸು. ದಟ್ಟ ಎಲೆಯ ಕಾಡನ್ನು ತೂರಿ ನೆಲ ಮುಟ್ಟುವ ಶಕ್ತಿ ಅದಕ್ಕಿಲ್ಲ. ಬಹುಪಾಲು ಮರದ ನೆತ್ತಿಯ ಕಡೆಯಿಂದಲೇ ಮರಳುತ್ತದೆ. 25 ಮೀಟರ್ ಎತ್ತರದ ಕಾಡು ಮುಗಿದು ಗದ್ದೆ ಶುರುವಾಗುವಲ್ಲಿ ನಕ್ಷೆ ಒಂದು ಹುಸಿ ಪ್ರಪಾತವನ್ನು ತೋರಿಸುತ್ತದೆ. ಕಾಡಿನ ನಡುವಿನ ಗದ್ದೆ ಆಳದ ಗುಂಡಿಯಾಗಿ ಕಾಣುತ್ತದೆ. ಗುಂಡಿಗೆ ಹೋದ ನೀರು ಹೊರಗೆ ಹರಿಯದು. ಹಾಗಾಗಿ ತಂತ್ರಾಂಶ ಮೊದಲ ಕೆಲಸವೆಂದು ಇಂಥ ಗುಂಡಿಗಳನ್ನೆಲ್ಲ ತುಂಬಿಸಿ ಸಮ ಮಾಡಿಬಿಡುತ್ತದೆ. ತುಂಬಿದ್ದು ನಿಜವಾದ ಗುಂಡಿಯೋ, ಮರಗಳಿಂದಾದ ಹುಸಿ ಗುಂಡಿಯೋ ಅದಕ್ಕೆ ತಿಳಿಯದು. ಹಳ್ಳ ನೆಲದ ಮೇಲೆ ಹರಿಯುವ ಜಾಗದಿಂದ ಕದಲಿ ಪಕ್ಕದ ದಿಬ್ಬದ ಮೇಲೆ ಹತ್ತಿಳಿಯುವ ನಕ್ಷೆಗಳು ಹುಟ್ಟುವುದು ಹೀಗೆ. ಮರ ಮತ್ತು ಕಟ್ಟಡಗಳ ಎತ್ತರವನ್ನು ಕಳೆದು ನೆಲವನ್ನು ಅಂದಾಜು ಮಾಡಿದ ಜಾಗತಿಕ ನಕ್ಷೆಗಳು ಈಚಿನ ವರ್ಷಗಳಲ್ಲಿ ಬಂದಿವೆ. ಘಟ್ಟದ ಕಾಡಿನಲ್ಲಿ ಕೆಲಸ ಮಾಡುವವರು ಚೌಕದ ಅಳತೆಗಿಂತ ಮೊದಲು ಇದನ್ನು ಕೇಳಬೇಕು: ಈ ಅಂಕಿ ನೆಲದ್ದೋ, ಮರದ ತಲೆಯದ್ದೋ?

ಚೌಕ ದೊಡ್ಡದಾದಂತೆ ಮೊದಲು ಕಳೆದುಹೋಗುವುದು ಇಳಿಜಾರು. ಜೋಗದಲ್ಲಿ ಶರಾವತಿ 253 ಮೀಟರ್ ನೇರ ಕೆಳಗೆ ಬೀಳುತ್ತದೆ. ಅಕ್ಕಪಕ್ಕದ ಎರಡು ಚೌಕಗಳಲ್ಲಿ ಒಂದು ನೆತ್ತಿಯ ಎತ್ತರವನ್ನೂ ಇನ್ನೊಂದು ಬುಡದ ಎತ್ತರವನ್ನೂ ಸರಿಯಾಗಿ ಹಿಡಿದವು ಎಂದೇ ಇಟ್ಟುಕೊಳ್ಳೋಣ. 30 ಮೀಟರ್ ಚೌಕದಲ್ಲಿ ಆ ಪ್ರಪಾತ 83 ಡಿಗ್ರಿಯ ಇಳಿಜಾರು. 90 ಮೀಟರಿನಲ್ಲಿ 70 ಡಿಗ್ರಿ. ಒಂದು ಕಿಲೋಮೀಟರ್ ಚೌಕದಲ್ಲಿ 14 ಡಿಗ್ರಿ, ಅಂದರೆ ದನ ಮೇಯಿಸಿಕೊಂಡು ಇಳಿಯಬಹುದಾದ ಗುಡ್ಡದ ಮಗ್ಗುಲು. ಜೋಗದಂಥ ಜೋಗಕ್ಕೇ ಹೀಗಾದರೆ ನಲವತ್ತು ಮೀಟರ್ ಉದ್ದದ ಗುಡ್ಡದ ಮಗ್ಗುಲುಗಳ ಗತಿಯೇನು? ಅವು ಒಂದು ಚೌಕದೊಳಗೇ ಹುಟ್ಟಿ ಅಲ್ಲೇ ಸಾಯುತ್ತವೆ.

ಇದನ್ನು ಅಳೆದು ನೋಡಿದ ಅಧ್ಯಯನಗಳಲ್ಲಿ ಇಂದಿಗೂ ಎಲ್ಲರೂ ಹೆಸರಿಸುವುದು ಝಾಂಗ್ ಮತ್ತು ಮಾಂಟ್ಗೊಮೆರಿ 1994ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಪಶ್ಚಿಮದಲ್ಲಿ, ಆರೆಗಾನ್ ಮತ್ತು ಕ್ಯಾಲಿಫೋರ್ನಿಯಾಗಳ ಎರಡು ಪುಟ್ಟ ಜಲಾನಯನಗಳ ನೆಲವನ್ನು ಅವರು 2, 4, 10, 30, 90 ಮೀಟರ್ ಚೌಕಗಳಲ್ಲಿ ಬಿಡಿಸಿ ಒಂದೇ ಮಾದರಿಯನ್ನು ಓಡಿಸಿದರು. ಚೌಕ ಹಿಗ್ಗಿದಂತೆ ಇಳಿಜಾರು ಕುಗ್ಗಿತು, ನೆನೆದು ನೀರೂರುವ ನೆಲದ ಭಾಗ ಹೆಚ್ಚಿತು, ಲೆಕ್ಕದ ಪ್ರವಾಹದ ತುದಿ ಮೇಲೇರಿತು. ಮಳೆ ಅದೇ, ಮಣ್ಣು ಅದೇ, ಬೆಟ್ಟವೂ ಅದೇ. 10 ಮೀಟರ್ ಚೌಕ ಬಳಸಿದರೆ ಮಾಹಿತಿಯ ಹೊರೆಗೂ ನಿಖರತೆಗೂ ಒಂದು ಹದ ಸಿಗುತ್ತದೆ ಎಂದು ಅವರು ಹೇಳಿದರು. ಅದು ಅಂಥ ಗುಡ್ಡಗಾಡಿಗೆ ಹೇಳಿದ ಮಾತು. ಎಲ್ಲ ನೆಲಕ್ಕೂ ಅನ್ವಯಿಸುವ ಸೂತ್ರವೆಂದು ಅದನ್ನು ಎತ್ತಿಕೊಂಡವರು ಬಹಳ.

ಅವರು ಓಡಿಸಿದ ಟಾಪ್‌ಮಾಡೆಲ್ ಎಂಬ ಮಾದರಿಯನ್ನು ಕೀತ್ ಬೆವೆನ್ ಮತ್ತು ಮೈಕ್ ಕರ್ಕ್‌ಬಿ 1979ರಲ್ಲಿ ಕಟ್ಟಿದ್ದರು. ಮೇಲಿನಿಂದ ಎಷ್ಟು ನೆಲದ ನೀರು ಇಲ್ಲಿಗೆ ಬರುತ್ತದೆ, ಇಲ್ಲಿಂದ ಮುಂದಕ್ಕೆ ಸಾಗಲು ಇಳಿಜಾರು ಎಷ್ಟಿದೆ, ಈ ಎರಡರ ಲೆಕ್ಕದಿಂದ ಯಾವ ನೆಲ ಮೊದಲು ನೆನೆದು ತುಂಬುತ್ತದೆ ಎಂದು ಅದು ಹೇಳುತ್ತದೆ. ಇಳಿಜಾರು ಕಡಿಮೆಯಾದರೆ ನೆನೆದ ನೆಲ ಹೆಚ್ಚು, ನೆನೆದ ನೆಲ ಹೆಚ್ಚಿದರೆ ಪ್ರವಾಹವೂ ಹೆಚ್ಚು. ಆದರೆ ನೀರಿನ ಓಟದ ವೇಗದ ಮೇಲೆ ನಿಂತ ಬೇರೆ ಮಾದರಿಗಳಿವೆ. ಅವುಗಳಲ್ಲಿ ಇಳಿಜಾರು ಅರ್ಧಕ್ಕಿಳಿದರೆ ವೇಗ ಸುಮಾರು ಶೇ 30ರಷ್ಟು ಕುಸಿಯುತ್ತದೆ. ನೀರು ತಡವಾಗಿ ಬರುತ್ತದೆ, ಪ್ರವಾಹದ ತುದಿ ತಗ್ಗುತ್ತದೆ. ಇದರ ಜೊತೆಗೆ ದೊಡ್ಡ ಚೌಕ ಹಳ್ಳದ ಅಂಕುಡೊಂಕನ್ನು ನೇರ ಮಾಡಿ ದಾರಿಯನ್ನೂ ಮೊಟಕು ಮಾಡುತ್ತದೆ. ಹಾಗಾಗಿ ಒಂದು ತಪ್ಪು ಇನ್ನೊಂದನ್ನು ಭಾಗಶಃ ಮುಚ್ಚುತ್ತದೆ. ಒರಟು ನಕ್ಷೆ ಪ್ರವಾಹವನ್ನು ಹಿಗ್ಗಿಸಿ ತೋರಿಸುತ್ತದೋ ಕುಗ್ಗಿಸಿ ತೋರಿಸುತ್ತದೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಯಾವ ಮಾದರಿ ಎಂದು ಕೇಳದೆ ಹೇಳಲು ಬರುವುದಿಲ್ಲ.

ನನ್ನನ್ನು ಹೆಚ್ಚು ಕಾಡುವ ಸಂಗತಿ ಇದರ ಮುಂದಿನದು. ಮಾದರಿ ಕಟ್ಟಿದವರು ಅದನ್ನು ಹಾಗೇ ಬಿಡುವುದಿಲ್ಲ. ನದಿಯಲ್ಲಿ ಎಲ್ಲೋ ಒಂದು ಕಡೆ ನೀರಿನ ಮಟ್ಟ ಅಳೆಯುವ ಕೇಂದ್ರ ಇರುತ್ತದೆ. ಅಲ್ಲಿ ಅಳೆದ ಹರಿವಿಗೂ ಮಾದರಿಯ ಹರಿವಿಗೂ ತಾಳೆಯಾಗುವ ತನಕ ಕೆಲವು ಅಂಕಿಗಳನ್ನು ಹೊಂದಿಸುತ್ತ ಹೋಗುತ್ತಾರೆ. ಒರಟು ನಕ್ಷೆಯಿಂದ ಇಳಿಜಾರು ಕಳೆದುಹೋಗಿ ನೀರು ನಿಧಾನವಾದರೆ, ನೆಲದ ಒರಟುತನವನ್ನು ಕಡಿಮೆ ಮಾಡಿ ನೀರನ್ನು ಮತ್ತೆ ಓಡಿಸುತ್ತಾರೆ. ತಾಳೆಯಾಗುತ್ತದೆ. ವರದಿಯಲ್ಲಿ ಎರಡು ಗೆರೆಗಳು ಒಂದರ ಮೇಲೊಂದು ಕೂತಿರುತ್ತವೆ, ನೋಡಿದವರಿಗೆ ಭರವಸೆ ಬರುತ್ತದೆ. ಆದರೆ ಆ ತಾಳೆ ಸಿಕ್ಕಿದ್ದು ಒಂದು ತಪ್ಪಿಗೆ ಇನ್ನೊಂದು ತಪ್ಪನ್ನು ಕೂಡಿಸಿ. ಬೇರೆ ಬೇರೆ ಅಂಕಿಗಳ ಕೂಟಗಳು ಒಂದೇ ಉತ್ತರವನ್ನು ಕೊಡಬಲ್ಲವು, ಅದರಲ್ಲಿ ಯಾವುದು ನಿಜವೆಂದು ಆ ಉತ್ತರದಿಂದ ತಿಳಿಯದು ಎಂದು ಬೆವೆನ್ ದಶಕಗಳಿಂದ ಎಚ್ಚರಿಸುತ್ತ ಬಂದಿದ್ದಾರೆ. ಅಳತೆ ಕೇಂದ್ರದಲ್ಲಿ ಸರಿ ಬಂದ ಮಾದರಿಯನ್ನು ಹಿಡಿದು, ಮೇಲಿನ ಕಾಡು ಕಡಿದು ತೋಟ ಮಾಡಿದರೆ ಏನಾಗುತ್ತದೆ, ಕೆಳಗಿನ ಊರಿನ ಯಾವ ಕೇರಿಗೆ ನೀರು ನುಗ್ಗುತ್ತದೆ ಎಂದು ಕೇಳಿದರೆ ಅದು ಅಷ್ಟೇ ಧೈರ್ಯದಿಂದ ತಪ್ಪು ಉತ್ತರ ಕೊಡುತ್ತದೆ. ಜನ ಆ ಉತ್ತರವನ್ನು ನಂಬಿ ಮನೆ ಕಟ್ಟುತ್ತಾರೆ.

ಎಲ್ಲ ಪ್ರಶ್ನೆಗಳಿಗೂ ಸೂಕ್ಷ್ಮ ನಕ್ಷೆ ಬೇಕೆಂದಿಲ್ಲ. ದೊಡ್ಡ ನದಿಯ ವರ್ಷದ ಒಟ್ಟು ಹರಿವನ್ನು ನಿರ್ಧರಿಸುವುದು ಮಳೆ, ಆವಿ ಮತ್ತು ಮಣ್ಣು. ಅಲ್ಲಿ 30ರ ಬದಲು 90 ಬಳಸಿದರೂ, ಕೊಳ್ಳದ ಎಲ್ಲೆ ಸರಿಯಿದ್ದರೆ, ಉತ್ತರ ಹೆಚ್ಚು ಬದಲಾಗುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಸ್ವಾಟ್ ಮಾದರಿಯಲ್ಲಿ ಇದು ಮತ್ತೆ ಮತ್ತೆ ಕಂಡುಬಂದಿದೆ. ಹೂಳಿನ ವಿಷಯ ಬೇರೆ. ಮಣ್ಣು ಕೊಚ್ಚಿ ಹೋಗುವ ಪ್ರಮಾಣ ಇಳಿಜಾರಿಗೆ ಬಹಳ ಬೇಗ ಸ್ಪಂದಿಸುತ್ತದೆ. ಒರಟು ನಕ್ಷೆಯಲ್ಲಿ ಬೆಟ್ಟ ಬೋಳಿಸಿದ ಪರಿಣಾಮವೇ ಅರ್ಧ ಅಡಗಿಹೋಗಬಹುದು. ಹೂಳು ತುಂಬಿ ಅಣೆಕಟ್ಟೆಯ ಸಾಮರ್ಥ್ಯ ಕುಗ್ಗಿದ ಕಥೆ ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಹೇಳಬೇಕಾಗಿಲ್ಲ.

ಘಟ್ಟ ಇಳಿದು ಬಯಲಿಗೆ ಬಂದರೆ ಪ್ರಶ್ನೆ ತಿರುಗುತ್ತದೆ. ರಾಯಚೂರು, ಕಲಬುರಗಿ ಕಡೆಯ ಕಪ್ಪು ಎರೆಭೂಮಿಯಲ್ಲಿ ಚೌಕದ ಅಗಲಕ್ಕಿಂತ ಎತ್ತರದ ಅಂಕಿ ಎಷ್ಟು ನಿಖರ ಎಂಬುದು ಮುಖ್ಯ. ಎಸ್‌ಆರ್‌ಟಿಎಂ ನಕ್ಷೆಯಲ್ಲಿ ಎತ್ತರ ಪೂರ್ಣ ಮೀಟರುಗಳಲ್ಲಿದೆ. 401, 402 ಎಂಬಂತೆ, ನಡುವೆ ಏನೂ ಇಲ್ಲ. ಕಿಲೋಮೀಟರಿಗೆ 25 ಸೆಂಟಿಮೀಟರ್ ಇಳಿಯುವ ಬಯಲಿನಲ್ಲಿ ಒಂದು ಮೀಟರ್ ಇಳಿಯಲು ನಾಲ್ಕು ಕಿಲೋಮೀಟರ್ ಸಾಗಬೇಕು. ತಪ್ಪೇ ಇಲ್ಲದ ಅಳತೆಯೆಂದು ಒಪ್ಪಿಕೊಂಡರೂ ನಕ್ಷೆಯಲ್ಲಿ 133 ಚೌಕಗಳ ತನಕ ಒಂದೇ ಅಂಕಿ, ಆಮೇಲೆ ದಿಢೀರನೆ ಒಂದು ಮೆಟ್ಟಿಲು. ನೀರು ಎತ್ತ ಹರಿಯಬೇಕೆಂದು ತಿಳಿಯದೆ ಕಂಪ್ಯೂಟರ್ ರೂಲು ಹಾಕಿದಂಥ ನೇರ ಸಮಾನಾಂತರ ಹಳ್ಳಗಳನ್ನು ಎಳೆಯುತ್ತದೆ. ಯಾವ ಹೊಲದಲ್ಲೂ ಅಂಥ ಹಳ್ಳವಿಲ್ಲ. ವಾಸ್ತವದಲ್ಲಿ ಈ ನಕ್ಷೆಯ ಎತ್ತರದಲ್ಲಿ ಕೆಲವು ಮೀಟರುಗಳ ತಪ್ಪು ಸಹಜ. ಭೀಮೆಯ ದಡದ ಊರಿನಲ್ಲಿ ಎದೆಮಟ್ಟದ ನೀರು ನಿಂತರೆ ಅದು ಒಂದೂಕಾಲು ಮೀಟರ್. ಐದು ಮೀಟರ್ ತಪ್ಪಬಹುದಾದ ಅಳತೆಯಿಂದ ಒಂದೂಕಾಲು ಮೀಟರ್ ನೀರಿನ ಅಂಚನ್ನು ಮನೆ ಮನೆಗೆ ಗುರುತಿಸಲು ಹೋಗಬಾರದು. ಕರಾವಳಿಯಲ್ಲೂ ಇದೇ ಪಾಡು: ಸಮುದ್ರದ ದೊಡ್ಡ ಉಬ್ಬರದ ಮಟ್ಟಕ್ಕಿಂತ ಕೆಳಗಿರುವ ನೆಲದಲ್ಲಿ ಜಗತ್ತಿನಾದ್ಯಂತ 2.8 ಕೋಟಿ ಜನ ಇದ್ದಾರೆಂದು ಎಸ್‌ಆರ್‌ಟಿಎಂ ಹೇಳುತ್ತಿತ್ತು. ಅದರ ತಪ್ಪನ್ನು ತಿದ್ದಿದ ನಕ್ಷೆಯೊಂದು 2019ರಲ್ಲಿ ಬಂದಾಗ ಆ ಸಂಖ್ಯೆ ಸುಮಾರು 11 ಕೋಟಿಗೆ ಏರಿತು.

ಇನ್ನು ನಮ್ಮ ಕೆರೆಗಳು. ಬಯಲುಸೀಮೆಯ ನೀರಿನ ಲೆಕ್ಕದಲ್ಲಿ ಕೆರೆಯನ್ನು ಬಿಟ್ಟರೆ ಏನೂ ಉಳಿಯದು. ಒಂದು ಕೆರೆಯ ಏರಿ ಐದು ಮೀಟರ್ ಎತ್ತರ, ಮೇಲೆ ಮೂರು ಮೀಟರ್ ಅಗಲ, ಎರಡೂ ಬದಿಗೆ ಒಂದಕ್ಕೆರಡರ ಇಳುಕಲು ಎಂದು ಹಿಡಿಯಿರಿ; ಬುಡದಲ್ಲಿ 23 ಮೀಟರ್ ಅಗಲವಾಯಿತು. ಈ ಏರಿ 30 ಮೀಟರಿನ ಒಂದು ಚೌಕದೊಳಗೆ ಸರಿಯಾಗಿ ಕೂತರೆ ಸರಾಸರಿಯಲ್ಲಿ ಅದರ ಎತ್ತರ ಎರಡು ಮೀಟರು ಚಿಲ್ಲರೆ. ಎರಡು ಚೌಕಗಳಿಗೆ ಹಂಚಿಹೋದರೆ ಒಂದು ಮೀಟರಿನ ಆಸುಪಾಸು. 90 ಮೀಟರ್ ಚೌಕದಲ್ಲಿ ಮುಕ್ಕಾಲು ಮೀಟರ್. ಅಳತೆಯ ತಪ್ಪೇ ಅದಕ್ಕಿಂತ ದೊಡ್ಡದಿರುವಾಗ ಏರಿ ಇದೆಯೆಂದು ಹೇಳುವವರು ಯಾರು? ನಕ್ಷೆಯಲ್ಲಿ ಏರಿ ಅಳಿಸಿಹೋದರೆ ಕೆರೆಯೇ ಇಲ್ಲ. ಕೋಡಿಯ ಮಟ್ಟ, ತೂಬು, ಮೇಲಿನ ಕೆರೆಯ ಕೋಡಿ ಹರಿದು ಕೆಳಗಿನ ಕೆರೆ ತುಂಬುವ ಸರಪಳಿ, ಯಾವುದೂ ಇಲ್ಲ. ಮಳೆನೀರು ಮೇಲಿನಿಂದ ಕೆಳಗಿನ ತನಕ ತಡೆಯಿಲ್ಲದೆ ಓಡುತ್ತದೆ. ಕೋಲಾರ ಜಿಲ್ಲೆಯ ಕೆರೆ ಸರಪಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತಿದೆ. ಅದು ಕೆರೆಯಿಂದ ಕೆರೆಗೆ ದಾಟುವುದು ಇದೇ ಕೋಡಿ, ಕಾಲುವೆಗಳ ಮೂಲಕ. ಆ ಸೀಮೆಯನ್ನು 30 ಮೀಟರ್ ಚೌಕದಲ್ಲಿ ಹಿಡಿಯಲು ಹೊರಟವರು ಪ್ರತಿ ಏರಿಯನ್ನೂ ಕೈಯಿಂದ ನಕ್ಷೆಗೆ ಸೇರಿಸಬೇಕು.

ಹಾಗಾದರೆ ಎಲ್ಲವನ್ನೂ ಒಂದು ಮೀಟರ್ ಚೌಕಕ್ಕೆ ಇಳಿಸಿಬಿಡೋಣ ಎನ್ನಬಹುದು. ವಿಮಾನದಿಂದಲೋ ಡ್ರೋನಿನಿಂದಲೋ ಲೇಸರ್ ಕಿರಣ ಹಾಯಿಸಿ ಅಳೆಯುವ ಲೈಡಾರ್ ತಂತ್ರ ಎಲೆಗಳ ಸಂದಿಯಿಂದ ನೆಲವನ್ನೂ ಮುಟ್ಟುತ್ತದೆ, ಎತ್ತರವನ್ನು ಸೆಂಟಿಮೀಟರುಗಳ ಲೆಕ್ಕದಲ್ಲಿ ಹೇಳುತ್ತದೆ. ಅದು ಬೇಕು. ಆದರೆ ಅದು ತನ್ನದೇ ಹೊಸ ತಪ್ಪನ್ನು ಜೊತೆಗೆ ತರುತ್ತದೆ, ಮತ್ತು ಆ ತಪ್ಪು ಇರುವುದು ಮೋರಿಯಲ್ಲಿ.

ಹಳ್ಳಕ್ಕೆ ಅಡ್ಡಲಾಗಿ ಒಂದು ಡಾಂಬರು ರಸ್ತೆ ಹಾದುಹೋಗಿದೆ. ನೆಲದಿಂದ ಎರಡು ಮೀಟರ್ ಎತ್ತರಿಸಿ ಹಾಕಿದ ರಸ್ತೆ. ಹಳ್ಳದ ನೀರು ರಸ್ತೆಯ ಅಡಿಯಲ್ಲಿ ಸಿಮೆಂಟ್ ಪೈಪಿನ ಮೋರಿಯೊಳಗೆ ನುಸುಳಿ ಆಚೆ ಹೋಗುತ್ತದೆ. 30 ಮೀಟರಿನ ನಕ್ಷೆಗೆ ಆ ರಸ್ತೆಯೇ ಕಾಣುವುದಿಲ್ಲ; ನೀರು ಹರಿದುಹೋಗುತ್ತದೆ, ಉತ್ತರ ಹೆಚ್ಚುಕಡಿಮೆ ಸರಿ ಬರುತ್ತದೆ. ಒಂದು ಮೀಟರಿನ ನಕ್ಷೆಗೆ ರಸ್ತೆ ಚೆನ್ನಾಗಿ ಕಾಣುತ್ತದೆ, ಅಡಿಯ ಮೋರಿ ಕಾಣುವುದಿಲ್ಲ, ಏಕೆಂದರೆ ಮೇಲಿನಿಂದ ಬಂದ ಕಿರಣ ಡಾಂಬರಿಗೆ ತಗುಲಿ ಮರಳುತ್ತದೆ. ಈಗ ರಸ್ತೆ ಒಂದು ಅಣೆಕಟ್ಟೆ. ಹಿಂದುಗಡೆಯ ಗದ್ದೆ, ಮನೆಗಳೆಲ್ಲ ಮುಳುಗಿದವೆಂದು ಮಾದರಿ ಹೇಳುತ್ತದೆ. ಇದಕ್ಕೆ ಪರಿಹಾರವಾಗಿ ಹಳ್ಳ ರಸ್ತೆಯನ್ನು ದಾಟುವಲ್ಲೆಲ್ಲ ನಕ್ಷೆಯಲ್ಲಿ ರಸ್ತೆಯನ್ನು ಸೀಳಿ ದಾರಿ ಮಾಡುತ್ತಾರೆ. ಸೀಳಿದ ಮೇಲೆ ಎಷ್ಟೇ ನೀರು ಬಂದರೂ ಸಲೀಸಾಗಿ ದಾಟುತ್ತದೆ. ಆದರೆ ನಿಜವಾದ ಮೋರಿಗೆ ಒಂದು ಅಳತೆಯಿದೆ. ಜುಲೈ ತಿಂಗಳ ಮಳೆಯಲ್ಲಿ ಅದರ ಬಾಯಿಗೆ ಕೊಂಬೆ, ಪ್ಲಾಸ್ಟಿಕ್, ಕುಸಿದ ಮಣ್ಣು ಸೇರಿ ಅರ್ಧ ಮುಚ್ಚಿರುತ್ತದೆ. ಅಂಥ ದಿನ ನೀರು ರಸ್ತೆಯ ಹಿಂದೆ ನಿಜವಾಗಿಯೂ ಏರುತ್ತದೆ. ಸೀಳದ ನಕ್ಷೆ ಎಲ್ಲ ದಿನವೂ ನೆರೆ ಬಂತೆನ್ನುತ್ತದೆ, ಸೀಳಿದ ನಕ್ಷೆ ಯಾವ ದಿನವೂ ಬಾರದೆನ್ನುತ್ತದೆ. ಮೋರಿಯ ಅಗಲ ಎಷ್ಟು, ತಳ ಯಾವ ಮಟ್ಟದಲ್ಲಿದೆ, ಯಾವ ತಿಂಗಳು ಕಟ್ಟಿಕೊಳ್ಳುತ್ತದೆ ಎಂಬ ಮಾಹಿತಿ ಯಾವ ಉಪಗ್ರಹದಲ್ಲೂ ಇಲ್ಲ. ಅದು ಊರಿನವರಲ್ಲಿದೆ. ಕೆರೆಯಿರುವ ಊರುಗಳಲ್ಲಿ ತೂಬು ಎತ್ತುತ್ತ, ಕಾಲುವೆ ಕಾಯುತ್ತ ಬಂದ ನೀರುಗಂಟಿಗೆ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ತಿರುಗುತ್ತದೆ ಎಂದು ಗೊತ್ತಿರುತ್ತದೆ. ನಕ್ಷೆ ಸೂಕ್ಷ್ಮವಾದಷ್ಟೂ ಅವರ ತಿಳಿವಳಿಕೆಯ ಅಗತ್ಯ ಹೆಚ್ಚುತ್ತದೆ. ಚೌಕ ಕಿರಿದಾದರೆ ಹೊಲದಲ್ಲಿ ನಡೆದು ಕೇಳುವ ಕೆಲಸ ಉಳಿಯಿತು ಎಂದುಕೊಂಡ ಕಚೇರಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಬೆಂಗಳೂರಿನಲ್ಲಿ ಇದೆಲ್ಲ ಒಟ್ಟಿಗೆ ಕಾಣುತ್ತದೆ. 2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದ ಮಳೆಗೆ ಬೆಳ್ಳಂದೂರು, ಮಹದೇವಪುರದ ಕಡೆ ಹೊರವರ್ತುಲ ರಸ್ತೆಯೇ ಕಾಲುವೆಯಾಯಿತು. ಆ ಪ್ರದೇಶವನ್ನು ಎಸ್‌ಆರ್‌ಟಿಎಂ ಅಳೆದದ್ದು 2000ದ ಫೆಬ್ರವರಿಯಲ್ಲಿ. ಆಮೇಲೆ ಅಲ್ಲಿ ತಗ್ಗುಗಳಿಗೆ ಮಣ್ಣು ತುಂಬಿ ಬಡಾವಣೆಗಳಾದವು, ರಸ್ತೆಗಳು ಎತ್ತರವಾದವು, ರಾಜಕಾಲುವೆಗಳು ಇಕ್ಕಟ್ಟಾದವು. ಆ ನಕ್ಷೆ ಇಂದಿನ ಬೆಂಗಳೂರಿನದ್ದಲ್ಲ. ನಂತರದ ರಡಾರ್ ನಕ್ಷೆಗಳು ಹೊಸವು, ಆದರೆ ಅವುಗಳಲ್ಲಿ ಕಟ್ಟಡಗಳೇ ಗುಡ್ಡಗಳಾಗಿ ನಿಂತಿವೆ. ನಾಲ್ಕೈದು ಮೀಟರ್ ಅಗಲದ ರಾಜಕಾಲುವೆ, ಅದರ ಮೇಲೆ ಹಾಸಿದ ಚಪ್ಪಡಿ, ರಸ್ತೆ ವಿಭಜಕದ ಕಟ್ಟೆ, ಬಡಾವಣೆಯ ಕಾಂಪೌಂಡ್ ಗೋಡೆ, ನಗರದ ನೆರೆಯನ್ನು ತಿರುಗಿಸುವುದು ಇವು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಸೇರಿ ನಗರಕ್ಕೆ ನೆರೆ ಮುನ್ಸೂಚನೆಯ ಮಾದರಿ ಕಟ್ಟಿವೆ, ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕಗಳನ್ನು ಇಟ್ಟಿವೆ. ಸರಿಯಾದ ದಾರಿ ಅದು.

ಇಡೀ ಕೊಳ್ಳವನ್ನು ಒಂದು ಮೀಟರಿನಲ್ಲಿ ಓಡಿಸುವ ಹಠವೂ ಬೇಡ. ಕೃಷ್ಣಾ ಕೊಳ್ಳದ ವಿಸ್ತಾರ 2,58,948 ಚದರ ಕಿಲೋಮೀಟರ್. 90 ಮೀಟರಿನಲ್ಲಿ ಅದು 3.2 ಕೋಟಿ ಚೌಕಗಳು, 30 ಮೀಟರಿನಲ್ಲಿ ಸುಮಾರು 29 ಕೋಟಿ, ಒಂದು ಮೀಟರಿನಲ್ಲಿ 25 ಸಾವಿರ ಕೋಟಿಗೂ ಹೆಚ್ಚು. ಚೌಕ ಕಿರಿದಾದಂತೆ ಲೆಕ್ಕದ ಗಡಿಯಾರವನ್ನೂ ಸಣ್ಣ ಸಣ್ಣ ಕ್ಷಣಗಳಾಗಿ ಒಡೆಯಬೇಕಾಗುತ್ತದೆ. 30ರಿಂದ ಒಂದು ಮೀಟರಿಗೆ ಇಳಿದರೆ ಕೆಲಸ 900 ಪಟ್ಟಲ್ಲ, 27,000 ಪಟ್ಟು. ಇಂದು ರಾತ್ರಿಯ ನೆರೆಯ ಮುನ್ಸೂಚನೆ ಬರುವ ವಾರ ಸಿದ್ಧವಾದರೆ ಯಾರಿಗೆ ಬೇಕು? ಅದಕ್ಕೇ ಅನುಭವಿಗಳು ಹೊಳೆದಂಡೆ, ಏರಿ, ರಸ್ತೆ, ಊರು ಇರುವಲ್ಲಿ ಚೌಕವನ್ನು ಕಿರಿದು ಮಾಡಿ, ಉಳಿದ ಕಡೆ ದೊಡ್ಡದಾಗಿಯೇ ಬಿಡುತ್ತಾರೆ.

ಮಳೆಯ ಅಳತೆ ಸರಿಯಿಲ್ಲದಿದ್ದರೆ ಈ ಶ್ರಮವೆಲ್ಲ ವ್ಯರ್ಥ. ಹವಾಮಾನ ಇಲಾಖೆಯ ಪ್ರಸಿದ್ಧ ಚೌಕವಾರು ಮಳೆ ಮಾಹಿತಿಯ ಒಂದು ಚೌಕ ಕಾಲು ಡಿಗ್ರಿ, ಅಂದರೆ ಸುಮಾರು 27 ಕಿಲೋಮೀಟರ್. ಘಟ್ಟದಲ್ಲಿ ಅಷ್ಟು ದೂರದೊಳಗೆ ಮಳೆ ಅರ್ಧಕ್ಕಿಳಿಯಬಹುದು. ಈ ವಿಷಯದಲ್ಲಿ ಕರ್ನಾಟಕ ಮುಂದಿದೆ. ಗ್ರಾಮ ಪಂಚಾಯಿತಿಗಳ ಮಟ್ಟದ ತನಕ ಸ್ವಯಂಚಾಲಿತ ಮಳೆಮಾಪಕಗಳಿವೆ. ಇಷ್ಟು ಒಳ್ಳೆಯ ಮಳೆಯ ಲೆಕ್ಕವನ್ನು ಇಪ್ಪತ್ತೈದು ವರ್ಷ ಹಳೆಯ ನೆಲದ ಮೇಲೆ ಸುರಿಯುತ್ತಿರುವುದು ನೋವಿನ ಸಂಗತಿ.

ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲಿ ನಕ್ಷೆ ಮತ್ತು ಭೂಮಾಹಿತಿಯ ಮೇಲಿನ ಹಳೆಯ ನಿರ್ಬಂಧಗಳನ್ನು ಸಡಿಲಿಸಿತು. 2022ರ ಡಿಸೆಂಬರಿನ ರಾಷ್ಟ್ರೀಯ ಭೂಮಾಹಿತಿ ನೀತಿ, ಇಡೀ ದೇಶಕ್ಕೆ ಹೆಚ್ಚು ನಿಖರವಾದ ಎತ್ತರದ ನಕ್ಷೆಯನ್ನು 2030ರೊಳಗೆ ತಯಾರಿಸುವ ಗುರಿ ಇಟ್ಟಿದೆ. ತಯಾರಾದ ಮೇಲೆ ಅದು ಹಣ ಕೊಟ್ಟವರಿಗೆ ಮಾತ್ರ ಸಿಗುವಂತಾಗಬಾರದು. ಶಿರಸಿಯ ಕಾಲೇಜಿನ ವಿದ್ಯಾರ್ಥಿಗೂ ಸಿಂಧನೂರಿನ ರೈತ ಸಂಘಕ್ಕೂ ಸಿಗಬೇಕು.

ಚೌಕದ ಅಳತೆ ಪರಿಣತರ ಒಳಮನೆಯ ವಿಷಯವೆಂದು ಬಿಟ್ಟುಬಿಡುವಂತಿಲ್ಲ. ಪಶ್ಚಿಮಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಸುಮಾರು 9 ಕಿಲೋಮೀಟರ್ ಚೌಕಗಳಲ್ಲಿ ಪರಿಸರದ ಸೂಕ್ಷ್ಮತೆಯನ್ನು ಗುರುತಿಸಿತು, ಕಸ್ತೂರಿರಂಗನ್ ಸಮಿತಿ 2013ರಲ್ಲಿ 24 ಮೀಟರ್ ಉಪಗ್ರಹ ಚಿತ್ರಗಳನ್ನು ಬಳಸಿತು; ಎರಡು ವರದಿಗಳ ಗಡಿಗಳು ಬೇರೆಯಾಗಲು ಇದೂ ಒಂದು ಕಾರಣ. ಯಾವ ಊರು ಒಳಗೆ, ಯಾವುದು ಹೊರಗೆ ಎಂಬ ಜಗಳದಲ್ಲಿ ಚೌಕದ ಮಾತು ಎತ್ತಿದವರು ಕಡಿಮೆ. ನೆರೆಯ ನಕ್ಷೆಗಳಲ್ಲೂ ಅದೇ ಆಗುತ್ತಿದೆ. ನೆರೆ ಬರುವ ಜಾಗವೆಂದು ಕೆಂಪು ಬಳಿದ ನಕ್ಷೆ ಗ್ರಾಮಸಭೆಗೆ ಬಂದಾಗ ಅದರ ಮೂಲೆಯಲ್ಲಿ ಮೂರು ಸಂಗತಿ ಬರೆದಿರಲೇಬೇಕು: ಚೌಕ ಎಷ್ಟು ಮೀಟರಿನದು, ಎತ್ತರದಲ್ಲಿ ಎಷ್ಟು ತಪ್ಪಿರಬಹುದು, ನೆಲವನ್ನು ಯಾವ ವರ್ಷ ಅಳೆದದ್ದು. ಬರೆದಿರದಿದ್ದರೆ ಸಭೆಯಲ್ಲಿದ್ದ ಯಾರಾದರೂ ಎದ್ದು ನಿಂತು ಕೇಳಬೇಕು.

ಅದರ ಜೊತೆಗೆ ಇನ್ನೊಂದು ಕೆಲಸವನ್ನು ಪಂಚಾಯಿತಿಗಳೇ ಮಾಡಬಹುದು, ಅದಕ್ಕೆ ಉಪಗ್ರಹ ಬೇಕಾಗಿಲ್ಲ. ಏಪ್ರಿಲ್‌, ಮೇ ತಿಂಗಳಲ್ಲಿ ಹಳ್ಳಗಳು ಒಣಗಿರುವಾಗ ತಮ್ಮ ವ್ಯಾಪ್ತಿಯ ಪ್ರತಿಯೊಂದು ಮೋರಿ, ಕೋಡಿ, ತೂಬಿನ ಹತ್ತಿರ ಹೋಗಿ ಅಗಲ, ಎತ್ತರ, ತಳದ ಮಟ್ಟ ಅಳೆದು, ಮೊಬೈಲಿನಲ್ಲಿ ಅದರ ಸ್ಥಳ ಗುರುತಿಸಿ, ಹೂಳು ಎಷ್ಟಿದೆಯೆಂದು ಬರೆದಿಡಬೇಕು. ಹಿಂದಿನ ನೆರೆಯಲ್ಲಿ ನೀರು ಯಾವ ಗೋಡೆಯ ಯಾವ ಮಟ್ಟಕ್ಕೆ ಬಂದಿತ್ತೆಂದು ಹಳಬರನ್ನು ಕೇಳಿ ಅಲ್ಲೊಂದು ಬಣ್ಣದ ಗೆರೆ ಎಳೆಯಬೇಕು. ಲೈಡಾರ್ ಅಳತೆ ಬಂದ ದಿನ ಈ ಪಟ್ಟಿ ಮೇಜಿನ ಮೇಲೆ ಸಿದ್ಧವಿದ್ದರೆ ಮಾದರಿ ಕಟ್ಟುವವರು ರಸ್ತೆಗಳನ್ನು ಕುರುಡಾಗಿ ಸೀಳಬೇಕಾಗುವುದಿಲ್ಲ.